ನನಗೆ ಬೇಡವಂತೆ

ತಾರೀಕು ಹದಿನಾಲ್ಕು, ಬುಧವಾರ
ಊಟದ ಬಿಡುವು

ಅಮ್ಮನಿಗೆ,

ನಮಸ್ಕಾರ. ನೀನು ಮನೆ ಸೇರಿದ ಮೇಲೆ ನಾನು ಒಂದು ಮಾತೂ ವಿಚಾರಿಸಲಿಲ್ಲ ಎಂದು ನೊಂದುಕೊಂಡಿದ್ದೀಯೆಂದು ತಮ್ಮ ಹೇಳಿದ. ತಡವಾಯಿತು, ಕ್ಷಮಿಸು. ಆದರೆ ನಿನ್ನ ಫೋನು ಬಂದಾಗಲೆಲ್ಲ ಎತ್ತದೆ ಬಿಟ್ಟದ್ದು ಬೇಕೆಂತಲೇ. ಎತ್ತಿದ್ದರೆ ನಿನ್ನ ದನಿ ಕೇಳಿದ ಕೂಡಲೇ "ಹೂಂ ಅಮ್ಮ, ಆಯ್ತಮ್ಮ" ಅಂದುಬಿಡುತ್ತಿದ್ದೆ. ಹುಟ್ಟಿದಾಗಿನಿಂದ ನಿನ್ನೆದುರು ನನ್ನ ಬಾಯಿಂದ ಬಂದದ್ದು ಅದೇ ತಾನೆ? ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲಾದರೆ ನನ್ನ ಮಾತಿನ ನಡುವೆ ಯಾರೂ ಬಾಯಿ ಹಾಕುವುದಿಲ್ಲ.

ಇದು ನಾವು ಅಂಟಿಸುವ ಪೆಟ್ಟಿಗೆಯ ಒಳಗೆ ಹಾಸುವ ಕಾಗದ. ಕಾರ್ಖಾನೆಯಲ್ಲಿ ಬೇರೆ ಸಿಗಲಿಲ್ಲ. ಅಲ್ಲಲ್ಲಿ ಗೋಂದು ಅಂಟಿದೆ, ನನ್ನ ಬೆರಳಿನದು. ನಿನಗೆ ಓದಲು ಬರುವುದಿಲ್ಲ, ತಮ್ಮನೇ ಓದಿ ಹೇಳುತ್ತಾನೆ ಎಂದು ಗೊತ್ತು. ತಮ್ಮಾ, ಒಂದು ಸಾಲನ್ನೂ ನುಂಗದೆ ಓದು. ಅಕ್ಕನಿಗೆ ಅಕ್ಷರ ಸಾಲದು, ತಪ್ಪಿದ್ದಲ್ಲಿ ತಿದ್ದಿಕೋ. ಆದರೆ ಮಾತನ್ನು ತಿದ್ದಬೇಡ.

ಮೊದಲು ಮಕ್ಕಳ ಸುದ್ದಿ. ಅವಳಿಗಳು ಚೆನ್ನಾಗಿದ್ದಾರೆ, ನಾನು ಚೆನ್ನಾಗಿಲ್ಲದಿರುವಷ್ಟು ಚೆನ್ನಾಗಿದ್ದಾರೆ. ಗುಂಡ ಮೊನ್ನೆ ಮನೆಯ ಬೀಗದ ಕೈಯನ್ನು ಹಾಲಿನ ಪಾತ್ರೆಯಲ್ಲಿ ಹಾಕಿದ. ನಾವು ಮನೆಯೆಲ್ಲ ಹುಡುಕಿ, ಮಂಚ ಎತ್ತಿ, ನಿನ್ನ ಅಳಿಯ ನನ್ನ ಮೇಲೆ ಕೂಗಾಡಿ, ನಾನು ಅವರ ಮೇಲೆ ಕೂಗಾಡಿ, ಕೊನೆಗೆ ಹಾಲು ಕುಡಿಯುವ ಹೊತ್ತಿಗೆ ಲೋಟದೊಳಗೆ ಟಣ್ ಎಂದಿತು. ಚಿಕ್ಕವನು, ನೀನು ಬೆಣ್ಣೆ ಎಂದು ಕರೆಯುತ್ತಿದ್ದವನು, ಈಗ ಕಚ್ಚುವುದನ್ನು ಕಲಿತಿದ್ದಾನೆ. ಅವರನ್ನು ನೋಡಿಕೊಳ್ಳುತ್ತಿದ್ದ ನೀನು ಹೋದ ಮೇಲೆ ಇಬ್ಬರನ್ನೂ ಕಾರ್ಖಾನೆಗೇ ತರುತ್ತೇನೆ. ಮೂಲೆಯಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆಯೊಂದಿದೆ, ಅದರಲ್ಲಿ ಬಿಡುತ್ತೇನೆ. ಜೊತೆಯವರು, "ಹೊತ್ತಾದ್ರೆ ಮರೆತು ಇವನ್ನೂ ಅಂಟಿಸಿ ಲಾರಿಗೆ ಹಾಕ್ಬಿಡ್ತೀವಿ ಕಣೇ" ಎಂದು ನಗುತ್ತಾರೆ. ಮೇಸ್ತ್ರಿ ನೋಡಿಯೂ ನೋಡದವರ ಹಾಗೆ ಹೋಗುತ್ತಾರೆ. ಹೀಗೆ ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. ನಡೆಯುವಷ್ಟು ನಡೆಯಲಿ.

ಇನ್ನು ದೊಡ್ಡವಳು, ಗುಬ್ಬಿ.

ಅವಳ ಎರಡನೇ ತರಗತಿಯ ಪುಸ್ತಕ ನೋಡಿಕೊಂಡೇ ನಾನು ಮರೆತ ಅಕ್ಷರಗಳನ್ನೆಲ್ಲ ಮತ್ತೆ ಕಲಿತೆ. ಅವಳಿಗೆ ಶಾಲೆಯ ನಾಟಕದಲ್ಲಿ ಮೊಲದ ವೇಷ ಸಿಕ್ಕಿದಾಗ ನೀನೂ ಇದ್ದೆ. ಒಂದೇ ಮಾತಿನ ವೇಷ. ಪ್ರಾಣಿಗಳೆಲ್ಲ ಹೊರಟು ನಿಂತಾಗ ಮೊಲ ಓಡಿಬಂದು, "ತಡೀರಿ, ನಾನೂ ಬರ್ತೀನಿ!" ಅನ್ನಬೇಕು, ಅಷ್ಟೇ. ಅದನ್ನು ಅವಳು ಬಚ್ಚಲಲ್ಲಿ ಹೇಳಿದಳು, ಊಟ ಮಾಡುತ್ತಾ ಹೇಳಿದಳು, ನಿದ್ದೆಯಲ್ಲಿ ಹೇಳಿದಳು. ನಾನು ಒಡೆದ ಪೆಟ್ಟಿಗೆಯ ರಟ್ಟು ತಂದು ಕಿವಿ ಕತ್ತರಿಸಿ ಕೊಟ್ಟೆ. ಒಂದು ಕಿವಿ ಉದ್ದವಾಯಿತು. "ಪರ್ವಾಗಿಲ್ಲಮ್ಮ, ಈ ಮೊಲಕ್ಕೆ ಒಂದು ಕಡೆ ಜಾಸ್ತಿ ಕೇಳ್ಸುತ್ತೆ" ಅಂದಳು.

ಆ ಗುರುವಾರ ಕಾರ್ಖಾನೆಯಲ್ಲಿ ಗೋಂದು ಮುಗಿದು ಬೇಗ ಬಿಟ್ಟರು. ಮಗಳನ್ನೇ ಕರೆದುಕೊಂಡು ಹೋಗೋಣ ಎಂದು ಶಾಲೆಯ ಬಾಗಿಲಿಗೆ ಹೋದೆ. ಟೀಚರು ಹೊರಗೆ ಬಂದು, "ಅವಳು ಮಧ್ಯಾಹ್ನವೇ ಮನೆಗೆ ಹೋದಳಲ್ಲಾ? ಈ ನಡುವೆ ದಿನಾ ಅವಳ ಅಜ್ಜಿ ಬಂದು ಕರ್ಕೊಂಡು ಹೋಗ್ತಾರೆ. ನಿಮಗೆ ಗೊತ್ತಿಲ್ವಾ?" ಅಂದರು. ಆಮೇಲೆ, "ನಾಟಕನೂ ಅವಳಿಗೇ ಬೇಡವಂತೆ. ಅಜ್ಜಿ ಹೇಳಿದ್ರು. ಮೊಲದ ವೇಷ ಬೇರೆ ಮಗುವಿಗೆ ಕೊಟ್ಟಿದ್ದೀವಿ" ಅಂದರು.

ಅಮ್ಮ, ನನ್ನ ಕಿವಿ ಗುಂಯ್ ಎಂದಿತು. ಟೀಚರಿಗೆ "ಹೂಂ" ಅಂದೆ. ಅಂದು ಓಡಿದೆ.

ಮನೆಯಲ್ಲಿ ಏನು ಕಂಡೆ ಎಂದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ, ನೀನು ತಮ್ಮನಿಗೆ ಹೇಳಿದ ಕಥೆಯಲ್ಲಿ ಅದು ಇಲ್ಲವಂತೆ. ನೀನು ಪಕ್ಕದ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದೆ. ನಮ್ಮ ಮನೆಯೊಳಗೆ ನೆಲ ನೀಲಿ, ಗೋಡೆ ನೀಲಿ, ಗುಂಡ ತಲೆಯಿಂದ ಕಾಲಿನವರೆಗೆ ನೀಲಿ. ನಿನ್ನ ಅಳಿಯ ಯಾರದೋ ಮನೆಯ ಕಿಟಕಿಗೆಂದು ತಂದಿಟ್ಟಿದ್ದ ಬಣ್ಣದ ಡಬ್ಬಿ ಮಗುಚಿತ್ತು. ಬೆಣ್ಣೆಯ ಸೊಂಟಕ್ಕೆ ಟವೆಲ್ಲು ಕಟ್ಟಿ, ಅದರ ಇನ್ನೊಂದು ತುದಿಯನ್ನು ತನ್ನ ಕಾಲಿಗೆ ಕಟ್ಟಿಕೊಂಡು, ಗುಂಡನನ್ನು ಸೊಂಟದ ಮೇಲೆ ಹೊತ್ತು ಗುಬ್ಬಿ ನಿಂತಿದ್ದಳು. ಅವಳ ಕೆನ್ನೆಯ ಮೇಲೆ ಐದು ನೀಲಿ ಬೆರಳು. ಮಕ್ಕಳ ಬೆರಳಲ್ಲ. ಮೊದಲು ನೀನು ಗುಂಡನನ್ನು ಹಿಡಿದೆಳೆದಿದ್ದೆ, ಆಮೇಲೆ ಅದೇ ಕೈಯಲ್ಲಿ ಅವಳಿಗೆ ಬಾರಿಸಿದ್ದೆ.

ನೀನು ಒಳಗೆ ಬಂದು ಹೇಳಿದ ಮಾತು ಒಂದೊಂದೂ ನೆನಪಿದೆ.

"ಏನೀಗ ಆಗಿದ್ದು? ಬಣ್ಣ ತಾನೆ? ನನಗೂ ವಯಸ್ಸಾಯ್ತು, ಎರಡೆರಡು ಕೋತಿ ಹಿಡಿಯೋಕಾಗುತ್ತಾ? ಹೆಣ್ಣುಮಗು, ಕಲೀಲಿ. ನೀನು ನಿನ್ನ ತಮ್ಮನ್ನ ಎತ್ಕೊಂಡು ಬೆಳೀಲಿಲ್ವಾ? ನಿನ್ನ ಸೊಂಟ ಬಿದ್ಹೋಯ್ತಾ?"

ನಾನು ಎಣ್ಣೆ ತಂದು ಗುಬ್ಬಿಯ ಕೆನ್ನೆ ಉಜ್ಜುತ್ತಾ ಕೂತೆ. ಮೆಲ್ಲಗೆ ಕೇಳಿದೆ, "ನಾಟಕ ಬೇಡ ಅಂದ್ಯಾ ಗುಬ್ಬಿ?"

"ಬೇಡ್ವಂತೆ."

"ಯಾರಿಗೆ ಬೇಡ್ವಂತೆ?"

"ನಂಗೆ" ಅಂದಳು.

ನಂಗೆ ಬೇಡ್ವಂತೆ! ತನ್ನ ಮನಸ್ಸಿನ ಸುದ್ದಿಯನ್ನು ಆ ಮಗು ಬೇರೆಯವರಿಂದ ಕೇಳಿ ತಿಳಿದುಕೊಂಡಿತ್ತು. "ನಿಂಗೆ ಬೇಡ ಅಂತ ನಿಂಗೆ ಯಾರು ಹೇಳಿದ್ರು?" ಅಂದೆ. "ಅಜ್ಜಿ ಹೇಳಿದ್ರು" ಅಂದು, ನಾನು ಬಯ್ಯುತ್ತೇನೇನೋ ಎಂದು ಗುಂಡನನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು.

ಆಗಲೂ ನಾನು ನಿನಗೆ ಏನೂ ಅನ್ನಲಿಲ್ಲ. ಭಾನುವಾರ ನೀನು ಬ್ಯಾಗು ಹಿಡಿದು, "ಮಗಳು ಮುಖ ಕೊಟ್ಟು ಮಾತಾಡದ ಮನೇಲಿ ಇರೋದು ಹೇಗೆ?" ಎಂದು ಹೊರಟಾಗಲೂ ತಲೆ ತಗ್ಗಿಸಿ ನಿಂತಿದ್ದೆ. ನಿನ್ನನ್ನು ಬಸ್ಸು ಹತ್ತಿಸಿ ಬಂದವರು ನಿನ್ನ ಅಳಿಯ. ಅವರು ನನಗೆ ತಲೆ ತುಂಬಿದ್ದಾರೆಂದು ನೀನು ಎಲ್ಲರಿಗೂ ಹೇಳುತ್ತಿದ್ದೀಯಂತೆ. ಅವರು ಆ ದಿನ ಹೇಳಿದ್ದು ಇಷ್ಟೇ, "ಡಬ್ಬಿ ಮುಚ್ಚಳ ನಾನೇ ಸರಿಯಾಗಿ ಹಾಕಿರಲಿಲ್ಲ, ಅತ್ತೇನ ಬಯ್ಬೇಡ." ನನ್ನ ತಲೆ ತುಂಬುವವರಾಗಿದ್ದರೆ ಇನ್ನೂ ಒಳ್ಳೆಯ ಮಾತು ತುಂಬುತ್ತಿದ್ದರು.

ಸೋಮವಾರ ನಾನು ಶಾಲೆಗೆ ಹೋದೆ, ಒಬ್ಬಳೇ. ನಿನಗೆ ಗೊತ್ತಲ್ಲ, ಅಂಗಡಿಯಲ್ಲಿ ಕೊಟ್ಟ ಸಾಮಾನು ಕೆಟ್ಟಿದ್ದರೂ ವಾಪಸು ಕೊಡಲಾರದವಳು ನಾನು. ಟೀಚರ ಮೇಜಿನೆದುರು ನಿಂತು ಬೆವರಿದೆ. "ಮೊಲ ಕೊಟ್ಟಾಯ್ತಲ್ಲಮ್ಮ" ಅಂದರು ಅವರು. ನನ್ನ ಬಾಯಿಂದ ಹೇಗೆ ಬಂತೋ, "ಕಾಡಲ್ಲಿ ಒಂದೇ ಮೊಲ ಇರುತ್ತಾ ಟೀಚರ್?" ಅಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ ನಕ್ಕು, "ಸರಿ, ಎರಡು ಮೊಲ ಓಡಿಬರಲಿ" ಅಂದರು.

ನಾಟಕದ ದಿನ ಗುಬ್ಬಿಯ ಕೆನ್ನೆಯ ನೀಲಿ ಇನ್ನೂ ಪೂರ್ತಿ ಹೋಗಿರಲಿಲ್ಲ. ನೋಡಿದವರು ವೇಷದ ಬಣ್ಣ ಎಂದುಕೊಂಡರು. ಪ್ರಾಣಿಗಳು ಹೊರಟವು, ಮೊದಲನೇ ಮೊಲ ಬಂದು ಮಾತು ಮರೆತು ನಿಂತಿತು. ನಮ್ಮ ಉದ್ದ ಕಿವಿಯ ಮೊಲ ಇನ್ನೇನು ಓಡಿಬರಬೇಕು, ಅಷ್ಟರಲ್ಲಿ ನಿನ್ನ ಗುಂಡ ಅಪ್ಪನ ತೊಡೆಯಿಂದ ಜಾರಿ "ಅಕ್ಕಾ!" ಎಂದು ವೇದಿಕೆಗೆ ನುಗ್ಗಿದ. ಗುಬ್ಬಿ ಏನು ಮಾಡಿದಳು ಗೊತ್ತೇ? ಬಗ್ಗಿ ಅವನನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಯೋಚನೆಯೇ ಮಾಡಲಿಲ್ಲ. ಪೂರ್ತಿ ಬಾಗಿ ನಿಂತು, ಹೊರೆ ಹೊತ್ತವರ ಹಾಗೆ ಏದುತ್ತಾ, ಮಾತು ಹೊರಡದೆ ನಿಂತಳು. ಜನ ನಕ್ಕರು, ಚಪ್ಪಾಳೆ ತಟ್ಟಿದರು. "ಎಷ್ಟು ಚೆಂದ ನೋಡ್ರೀ, ಪುಟ್ಟ ಅಮ್ಮ!" ಎಂದು ನನ್ನ ಹಿಂದೆ ಯಾರೋ ಅಂದರು.

ನನಗೆ ಮೈ ಉರಿದುಹೋಯಿತು. ಎದ್ದೆ. ಅಷ್ಟು ಜನರ ನಡುವೆ, ಗೋಂದು ಅಂಟಿದ ಬಟ್ಟೆಯಲ್ಲಿ, ಮೆಟ್ಟಿಲು ಹತ್ತಿ ವೇದಿಕೆಯ ಮೇಲೆ ಹೋದೆ. ಗುಂಡನನ್ನು ಅವಳ ಸೊಂಟದಿಂದ ಕಿತ್ತು ನನ್ನ ಸೊಂಟಕ್ಕೆ ಹಾಕಿಕೊಂಡು, "ಈಗ ಹೇಳು" ಅಂದೆ. ಅವಳು ಮೈ ನೆಟ್ಟಗೆ ಮಾಡಿ, ಹೆಂಚು ಹಾರುವ ಹಾಗೆ ಕೂಗಿದಳು, "ತಡೀರಿ, ನಾನೂ ಬರ್ತೀನಿ!"

ಈಗ ನಿನ್ನೆ ತಮ್ಮ ಮಾಡಿದ ಫೋನಿನ ವಿಷಯ. ಅವನ ಹೆಂಡತಿ ಬಾಣಂತಿ, ನಿನಗೆ ಕೈ ಸಾಲದು, ಅದಕ್ಕೆ ಮುಂದಿನ ತಿಂಗಳು ಬಂದು ಗುಬ್ಬಿಯನ್ನು ಕರೆದುಕೊಂಡು ಹೋಗುತ್ತಾನಂತೆ, ಅಲ್ಲೇ ಶಾಲೆಗೆ ಸೇರಿಸುತ್ತೀರಂತೆ. ಅವನು ಕೊನೆಯಲ್ಲಿ, "ಗುಬ್ಬಿಗೂ ಬರೋಕೆ ಆಸೆಯಂತೆ, ಅಮ್ಮ ಹೇಳಿದ್ರು" ಅಂದ.

ಆಸೆಯಂತೆ. ಮತ್ತೆ ಅದೇ!

ಗುಬ್ಬಿ ಬರುವುದಿಲ್ಲ. ಮುಂದಿನ ತಿಂಗಳೂ ಇಲ್ಲ, ರಜೆಯಲ್ಲೂ ಇಲ್ಲ. ಅವಳನ್ನು ಕೇಳಿದೆ, ಎದುರಿಗೆ ಕೂರಿಸಿಕೊಂಡು, ಬಾಯಿಗೆ ಮಾತು ಕೊಡದೆ ಕೇಳಿದೆ. ಅವಳು, "ನಂಗೆ ಏನು ಅಂತೆ ಅಮ್ಮ?" ಎಂದು ನನ್ನನ್ನೇ ಕೇಳಿದಳು. ನಿನ್ನ ಮೇಲಿನ ಸಿಟ್ಟು ಇಳಿದುಹೋಗುತ್ತಿತ್ತು, ನಿಜ ಹೇಳುತ್ತೇನೆ. ಆ ಒಂದು ಮಾತಿಗೆ ಮತ್ತೆ ಹತ್ತಿಕೊಂಡಿತು. ನಾನು ಏನೂ ಹೇಳಿಕೊಡಲಿಲ್ಲ. ಕಾದೆ. ಬೆಣ್ಣೆ ಬಂದು ನನ್ನ ಮೊಣಕಾಲು ಕಚ್ಚಿದ, ಆದರೂ ಕದಲದೆ ಕಾದೆ. ಕೊನೆಗೆ ಅವಳು, "ನಾನು ಇಲ್ಲೇ ಇರ್ತೀನಿ" ಅಂದಳು. ಅದರ ಕೊನೆಯಲ್ಲಿ ಅಂತೆ ಇರಲಿಲ್ಲ.

ನಿನಗೆ ಕೈ ಸಾಲದಿದ್ದರೆ ತಮ್ಮ ಯಾರನ್ನಾದರೂ ಕೆಲಸಕ್ಕೆ ಇಟ್ಟುಕೊಳ್ಳಲಿ. ಇಲ್ಲ, ಅವನೇ ಎತ್ತಿಕೊಳ್ಳಲಿ. ಎತ್ತಿಕೊಳ್ಳುವುದು ಹೇಗೆಂದು ಅವನಿಗೆ ಗೊತ್ತಿರಬೇಕು, ಅಷ್ಟು ವರ್ಷ ನನ್ನ ಸೊಂಟದ ಮೇಲಿದ್ದ.

ನೀನು ನಮ್ಮ ಮನೆಗೆ ಬರಬಾರದು ಎಂದು ನಾನು ಹೇಳುತ್ತಿಲ್ಲ. ಬಾ. ಬಂದು ಕೂತು ಉಣ್ಣು, ಮಕ್ಕಳ ಜೊತೆ ಆಡು, ನನ್ನನ್ನು ಎಷ್ಟಾದರೂ ಬಯ್ಯಿ. ಗುಬ್ಬಿಯ ಪರವಾಗಿ ಮಾತ್ರ ಯಾರಿಗೂ ಏನೂ ಹೇಳಬೇಡ. ಅವಳಿಗೆ ಬಾಯಿದೆ.

ಬಿಡುವು ಮುಗಿಯಿತು. ಗುಂಡ ಪೆಟ್ಟಿಗೆಯಿಂದ ತಲೆ ಹೊರಗೆ ಹಾಕಿ ಕರೆಯುತ್ತಿದ್ದಾನೆ. ಮಂಡಿನೋವಿಗೆ ಎಣ್ಣೆ ಹಚ್ಚಿಕೋ, ತಣ್ಣೀರಲ್ಲಿ ಕೈ ಆಡಬೇಡ. ತಮ್ಮನ ಮಗು ನೂರು ವರ್ಷ ಸುಖವಾಗಿ ಬಾಳಲಿ, ಅತ್ತೆಯ ಆಶೀರ್ವಾದವೆಂದು ಅದರ ಹಣೆ ಮುಟ್ಟಿ ಹೇಳು. ನೀನೂ ನಮ್ಮ ಮಕ್ಕಳನ್ನು ಹರಸು.

ಇಂತಿ,
ನಿನ್ನ ಮಗಳು

ಮರೆತ ಮಾತು: ನಾನು ನಾಲ್ಕನೇ ತರಗತಿ ಮುಗಿಸಿ ಮನೆಯಲ್ಲೇ ಉಳಿದಾಗ ಮೇಷ್ಟ್ರು ನಮ್ಮ ಬಾಗಿಲಿಗೆ ಬಂದಿದ್ದರು. ನೀನು ಮರೆತಿರಬಹುದು. ನಾನು ಕದದ ಹಿಂದೆ ಇದ್ದೆ, ತಮ್ಮ ನನ್ನ ಸೊಂಟದ ಮೇಲೆ ಕೂತು ಜಡೆ ಎಳೆಯುತ್ತಿದ್ದ. ನೀನು, "ಅವಳಿಗೇ ಬೇಡವಂತೆ ಮೇಷ್ಟ್ರೇ, ಎಷ್ಟು ಹೇಳಿದ್ರೂ ಕೇಳಲ್ಲ" ಅಂದೆ. ಅವರು ನಿನ್ನ ಹೆಗಲ ಮೇಲಿನಿಂದ ನನ್ನನ್ನು ನೋಡಿ, "ಹೌದೇನಮ್ಮಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀನು, "ಹೌದಂತೆ" ಅಂದೆ. ಅವರು ಹೊರಟುಹೋದರು. ಆ ಮಾತನ್ನು ನೀನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದೆಯೆಂದರೆ, ಮದುವೆಯಾದ ಹೊಸದರಲ್ಲಿ ಇವರು "ಶಾಲೆ ಯಾಕೆ ಬಿಟ್ಟೆ?" ಎಂದಾಗ ನಾನೂ "ನನಗೇ ಬೇಡವಾಗಿತ್ತಂತೆ" ಅಂದುಬಿಟ್ಟೆ. ಇವರು ತಮಾಷೆ ಎಂದು ನಕ್ಕರು.

ತಮ್ಮಾ, ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ಈ ಸಾಲನ್ನು ಅಮ್ಮನಿಗೆ ಗಟ್ಟಿಯಾಗಿ ಓದು. "ಅಕ್ಕನಿಗೆ ಬೇಕಿತ್ತಂತೆ" ಎಂದು ಹೇಳಬೇಡ. ಇಲ್ಲಿ ಬರೆದ ಹಾಗೆಯೇ ಓದು: ನನಗೆ ಬೇಕಿತ್ತು.