ಕಟಾಂಜನದ ತಾವರೆ

ಅಮ್ಮಾ,

ನೀನು ಹೋದ ಮೂರು ತಿಂಗಳಿಗೆ, ಇವತ್ತು ಬೆಳಿಗ್ಗೆ, ನಮ್ಮ ತಾವರೆ ಸ್ತೂಪ ಸೇರಿತು. ಗುಮ್ಮಟದ ಸುತ್ತ ಬೇಲಿಯ ಹಾಗೆ ನಿಂತ ಕಲ್ಲಿನ ಕಟಾಂಜನದಲ್ಲಿ ಒಂದು ಅಡ್ಡಕಲ್ಲು ಒಡೆದಿತ್ತಲ್ಲ, ಅದರ ಜಾಗಕ್ಕೆ ನಾನು ತಾವರೆ ಕೆತ್ತಿ ನೀನು ಉಜ್ಜಿದ ಕಲ್ಲು. ಗಾರೆಯಿಲ್ಲದೆ, ಮರಗೆಲಸದ ಹಾಗೆ, ಅದರ ತುದಿಗಳು ಎರಡು ಕಂಬಗಳ ತೂತಿನಲ್ಲಿ ಕೂರಬೇಕಿತ್ತು. ಅದಕ್ಕೆಂದೇ ಬಿಚ್ಚಿಟ್ಟಿದ್ದ ಒಂದು ಕಂಬವನ್ನು ಉಸಿರು ಬಿಗಿಹಿಡಿದು ಮತ್ತೆ ನಿಲ್ಲಿಸಿದೆವು. ಅಡ್ಡಕಲ್ಲು ಕೂದಲು ತೂರದಷ್ಟು ಬಿಗಿಯಾಗಿ ಕೂತಿತು!

ದುರಸ್ತಿ ನೋಡಲು ಬಂದಿದ್ದ ಮೇಲಧಿಕಾರಿ ತಾವರೆಯ ದಳಗಳ ಮೇಲೆ, ಸುತ್ತಲಿನ ಹಂಸಗಳ ಸಾಲಿನ ಮೇಲೆ ಅಂಗೈ ಆಡಿಸಿದರು.

“ಯಾವ ಮಷಿನ್ನಲ್ಲಿ ಪಾಲಿಶ್ ಮಾಡಿಸಿದ್ರಿ?”

“ಮಷಿನ್ ಅಲ್ಲ ಸಾರ್, ನಮ್ಮಮ್ಮ. ಬರೀ ಮರಳು, ನೀರು. ನಾಲ್ಕು ತಿಂಗಳು ಹಿಡೀತು.”

“ಅವರೂ ಶಿಲ್ಪೀನಾ?”

“ಹೌದು” ಎಂದೆ, ಎಲ್ಲರಿಗೂ ಕೇಳುವ ಹಾಗೆ. ಕೆಲಸದ ಹಾಜರಿ ಪುಸ್ತಕದಲ್ಲಿ ನಲವತ್ತು ವರ್ಷವೂ ನೀನು ಬರೀ ‘ಉಜ್ಜುವವಳು’. ಚಿಕ್ಕವಳಿದ್ದಾಗ ಶಾಲೆಯಲ್ಲಿ ಗೆಳತಿಯರು ನಿನ್ನ ಕೆಲಸ ಏನೆಂದು ಕೇಳಿದರೆ ನಾನು, ಅಮ್ಮ ಮನೆಯಲ್ಲೇ ಇರ್ತಾಳೆ ಅನ್ನುತ್ತಿದ್ದೆ. ಒಂದು ದಿನ ಅದು ನಿನ್ನ ಕಿವಿಗೂ ಬಿತ್ತು. ಆಮೇಲೆ ನೀನು ಶಾಲೆಯ ಕಡೆ ಬರಲಿಲ್ಲ.

ಅಧಿಕಾರಿ ಕೆಲಸ ಮಾಡಿದವರ ಪಟ್ಟಿ ತೆಗೆದರು. “ಹಾಗಾದ್ರೆ ಶಿಲ್ಪಿಗಳು ಇಬ್ಬರು ಅಂತ ಬರ್ಕೊಳ್ಳಲಾ?”

“ಬರ್ಕೊಳ್ಳಿ ಸಾರ್. ಅಮ್ಮನ ಹೆಸರು ಮೊದಲು.”

ನಾಳೆ ಇನ್ನೊಂದು ಅಡ್ಡಕಲ್ಲು ಶುರು. ಈ ಸಲ ಉಜ್ಜುವವಳೂ ನಾನೇ.