ಬೀಳಗಿ–ಬನಹಟ್ಟಿ ನಡುವೆ ನೇರ ಲೈನಿಲ್ಲ

ಒಕ್ಕಣ್ಣಿನ ನನ್ನ ಕಾಕಾ ಅವರಿಗೆ,

ನೀವು ಹೋಗಿ ವರ್ಷ ತುಂಬುತ್ತಾ ಬಂತು, ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಯಾರ ಮೇಲೆ ಎಂದು ಕೇಳುತ್ತೀರಾ? ನಿಮ್ಮ ಮೇಲೆ, ಸದ್ಯಾನ ಮೇಲೆ, ನಿಮ್ಮ ಕಣ್ಣು ತೆಗೆದ ಆ ಬಡಿಗೆಯ ಮೇಲೆ. ಮೊನ್ನೆ ಬನಹಟ್ಟಿಯಲ್ಲಿ ಮತ್ತೆ ರಕ್ತ ಬಿತ್ತು ಕಾಕಾ. ಅದನ್ನು ನಿಮಗೆ ಹೇಳದೆ ಇನ್ನಾರಿಗೆ ಹೇಳಲಿ?

ಕಾರ್ಖಾನೆಗೆ ಮೊದಲ ಸಲ ಊರೂರಿನ ಕಂಪ್ಯೂಟರುಗಳನ್ನು ಜೋಡಿಸುವ ಫ್ರೇಮ್ ರಿಲೇ ಲೈನು ಬಂದ ದಿನ ನೆನಪಿದೆಯೇ? ಮುಧೋಳದ ಹೊರಗಿನ ಆ ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರಿಗೆಲ್ಲ ನೀವೇ ಯಜಮಾನರು. ಬೀಳಗಿಯ ಕಬ್ಬಿನ ಆಫೀಸಿಗೆ ನಾನು, ಬನಹಟ್ಟಿಯ ಆಫೀಸಿಗೆ ನೇಕಾರರ ಮನೆಯ ಸದಾಶಿವ, ಅಂದರೆ ನಮ್ಮ ಸದ್ಯಾ. ಎರಡೂ ಊರಿನಿಂದ ಮುಧೋಳಕ್ಕೆ ಒಂದೊಂದು ಲೈನು. "ರೂಟರಿಗೆ ಏನೂ ಬರ್ಯಾಕ ಹೋಗಬ್ಯಾಡ್ರಿ ಕಾಕಾ. ಡೈನಾಮಿಕ್ ಐತಿ. ಆ ತುದಿಗೆ ಯಾರದಾರ ಅಂತ ತಾನ ಕೇಳಿ ತಿಳಕೊಂತೈತಿ" ಎಂದು ಸದ್ಯಾ ಬೀಗುತ್ತಿದ್ದ. ಅವನು ಹೇಳಿದಂತೆ ಮುಧೋಳ ಇಬ್ಬರಿಗೂ ಕೂಡಲೇ ಸಿಕ್ಕಿತು. ಆದರೆ ನನಗೆ ಬನಹಟ್ಟಿ ಏನು ಮಾಡಿದರೂ ಸಿಗಲಿಲ್ಲ. ಕಬ್ಬು ಕಡಿಯುವ ಗ್ಯಾಂಗುಗಳ ವಿವರವೆಲ್ಲ ಇದ್ದದ್ದು ಅಲ್ಲಿನ ಕಂಪ್ಯೂಟರಿನಲ್ಲಿ. ಅದು ಸಿಗದಿದ್ದರೆ ನನ್ನ ರೈತರ ಹೊಲಕ್ಕೆ ಯಾವ ಗ್ಯಾಂಗು ಕಳಿಸಲಿ? ಸಂಜೆ ಮುಧೋಳದಲ್ಲಿ ಸೇರಿದಾಗ ನಾನು ಸದ್ಯಾನನ್ನು ಬೈದೆ, ಅವನು ನನ್ನ ಅಪ್ಪನ ಹೆಸರು ಎಳೆದ, ನಾನು ಅವನ ಕಾಲರಿಗೆ ಕೈ ಹಾಕಿದೆ. ನೀವು ಇಬ್ಬರ ಬೆನ್ನಿಗೂ ಒಂದೊಂದು ಬಾರಿಸಿ ಕೂರಿಸಿದಿರಿ.

ಆಮೇಲೆ ಚಹಾ ತರಿಸಿ ನೀವು ಹೇಳಿದ್ದು ಈಗಲೂ ಕಿವಿಯಲ್ಲಿದೆ. "ರೂಟರ್ ಎದುರಿಗಿದ್ದವನ್ನ ಅಷ್ಟ ಕೇಳತೈತಿ. ನಿಮ್ಮಿಬ್ಬರ ನಡುವ ನೇರ ಲೈನ ಎಲ್ಲೈತಿ? ಇಬ್ರಿಗೂ ಮುಧೋಳ ಒಂದ ಕಾಣತೈತಿ. ಅದರ ಮ್ಯಾಲೆ ಹಾದು ಒಬ್ರಿಗೊಬ್ರು ಮುಟ್ಟಬೇಕಂದ್ರ, ಈ ಅಡ್ರೆಸ್ಸಿಗೆ ಈ ಲೈನು ಅಂತ ನೀವ ಕೈಲೆ ಬರೀಬೇಕು. ಅದಕ್ಕ ಸ್ಟ್ಯಾಟಿಕ್ ಅಂತಾರ. ಎರಡೂ ಕಡೆ ಬರೀರಿ ಮತ್ತ. ಒಂದ ಕಡೆ ಬರದ್ರ ಕೂಗಿದ್ದು ಮುಟ್ಟತೈತಿ, ಓ ಅನ್ನೂದು ತಿರುಗಿ ಬರೂದಿಲ್ಲ." ಸದ್ಯಾ ನೆಲ ನೋಡುತ್ತಾ ಚಹಾ ಹೀರಿದ.

ಮರುದಿನ ನಾನು ಬೀಳಗಿಯಲ್ಲಿ ಬನಹಟ್ಟಿಯದ್ದೂ ಮುಧೋಳದ್ದೂ ಎರಡೂ ಸಾಲು ಬರೆದು ಮುಗಿಸಿ ಅವನಿಗೆ ಫೋನ್ ಮಾಡಿದೆ. "ಲಗೂನ ಬೀಳಗಿ ಸಾಲು ಹಾಕಲೇ, ರೈತರು ನನ್ನ ತಲಿ ತಿನ್ನಾಕತ್ತಾರ" ಎಂದೆ. ಹಾಕಿದ. ಮುಧೋಳದ್ದು ಮೊದಲೇ ಡೈನಾಮಿಕ್ಕಾಗಿ ಕಾಣುತ್ತಿತ್ತಲ್ಲ, ಅದನ್ನೇಕೆ ಬರೆಯಬೇಕು ಎಂದು ಬಿಟ್ಟ. ಆದರೆ ಒಂದು ಲೈನಿನ ಮೇಲೆ ಕೈಬರಹದ ಒಂದೇ ಸಾಲು ಬಿದ್ದರೂ ರೂಟರ್ ಆ ಲೈನಿನಲ್ಲಿ ತಾನಾಗಿ ಕೇಳುವುದನ್ನೇ ನಿಲ್ಲಿಸುತ್ತದೆ. ಮೊದಲು ಕಲಿತದ್ದು ಕರೆಂಟ್ ಇರುವವರೆಗೆ ನೆನಪಿರುತ್ತದೆ, ಅಷ್ಟೆ. ಅದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಬೇಕಿತ್ತು ಎನ್ನುತ್ತೀರಾ? ನಾನೇನು ಅವನ ಮೇಷ್ಟ್ರೇ?

ಕೆಲವು ದಿನ ಕಳೆದು, ಆ ಬೆಳಿಗ್ಗೆ ಬನಹಟ್ಟಿಯಲ್ಲಿ ಕರೆಂಟ್ ಹೋಗಿ ಬಂದಾಗ ನಾನು ಮುಧೋಳದಲ್ಲಿ ನಿಮ್ಮೆದುರೇ ಕುಳಿತಿದ್ದೆ. ಸದ್ಯಾನ ರೂಟರ್ ಎದ್ದು ಕುಳಿತಿತು, ಬೀಳಗಿಯನ್ನು ಗುರುತಿಸಿತು, ಮುಧೋಳವನ್ನು ಮರೆಯಿತು. ಅಲ್ಲಿನ ಆಫೀಸಿನ ಮುಂದೆ ಕಟಾವಿನ ಚೀಟಿಗಾಗಿ ರೈತರು ಕಿಕ್ಕಿರಿದಿದ್ದರು, ಹೊಲದಲ್ಲಿ ಕಬ್ಬು ಒಣಗುತ್ತಿತ್ತು. ಚೀಟಿ ಬರಬೇಕಾದದ್ದು ಮುಧೋಳದಿಂದ. ಪರದೆಯ ಮೇಲೆ ಬಂದದ್ದು ಬರೀ ಬೀಳಗಿಯವರ ಹೆಸರುಗಳು! ಸಾಕಲ್ಲ? "ನಮ್ಮ ಚೀಟಿ ಬೀಳಗಿಯವರಿಗೆ ಮಾರ್ಯಾನ ಈ ಮಗ" ಎಂದು ಯಾವನೋ ಕೂಗಿದನಂತೆ. ಸದ್ಯಾ ಫೋನಿನಲ್ಲಿ ನಿಮಗೆ ಹೇಳುತ್ತಿದ್ದಂತೆಯೇ ಕಿಟಕಿ ಒಡೆದ ಸದ್ದು ಕೇಳಿತು, ಆಮೇಲೆ ಅವನ ಕಿರುಚಾಟ, ಆಮೇಲೆ...

ನಿಮ್ಮ ಬೈಕಿನ ಹಿಂದೆ ಕುಳಿತು ನಾನು ಬನಹಟ್ಟಿಗೆ ಬಂದಾಗ ರಸ್ತೆಯಲ್ಲಿ ಟೈರುಗಳು ಉರಿಯುತ್ತಿದ್ದವು. ಆಫೀಸಿನ ಕುರ್ಚಿಗಳು ಮುರಿದು ಅಂಗಳಕ್ಕೆ ಬಿದ್ದಿದ್ದವು. ಒಳಗೆ ಸದ್ಯಾನನ್ನು ಗೋಡೆಗೆ ಒತ್ತಿ ಹಿಡಿದಿದ್ದರು, ಬಾಯಿಂದ ರಕ್ತ ಇಳಿಯುತ್ತಿತ್ತು, ಒಬ್ಬನ ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ. ನಾನು ಬಾಗಿಲಲ್ಲೇ ಕಲ್ಲಾದೆ. ನೀವು ನೇರ ಒಳಹೊಕ್ಕು ಕೊಯ್ತಾಕ್ಕೂ ಅವನ ಕುತ್ತಿಗೆಗೂ ನಡುವೆ ನಿಂತಿರಿ. "ಹೊಡೀರಿ, ನನಗ ಹೊಡೀರಿ. ಚೀಟಿ ಬರೂ ದಾರಿ ತಪ್ಪೇತಿ, ಹುಡುಗನದೇನೂ ತಪ್ಪಿಲ್ಲ" ಎಂದಿರಿ. ಹೊಡೆದೇಬಿಟ್ಟರು. ಬಡಿಗೆ ಯಾವ ಕಡೆಯಿಂದ ಬಂತೋ ಗೊತ್ತಿಲ್ಲ, ನಿಮ್ಮ ಎಡಗಣ್ಣಿನ ಮೇಲೆ ಬಿದ್ದ ಸದ್ದು ಮಾತ್ರ ಗೊತ್ತು. ಅಷ್ಟಾದರೂ ನೀವು ಗೋಡೆಗೆ ಆತು, ಮುಖಕ್ಕೆ ಟವೆಲ್ ಒತ್ತಿಕೊಂಡು, "ಮಲ್ಯಾ, ಮುಧೋಳದ ಸಾಲು ಬರಿ" ಎಂದು ಗದರಿದಿರಿ. ರೂಟರ್ ಕಪಾಟಿನೊಳಗೆ ಉಳಿದಿತ್ತು. ಕೂಡಲೇ ಬರೆದೆ. ಪ್ರಿಂಟರ್ ಕರಕರ ಎಂದು ಚೀಟಿ ಉಗುಳತೊಡಗಿತು. ಬಡಿಗೆ ಹಿಡಿದವರೇ ಪಾಳಿ ಹಚ್ಚಿ ನಿಂತರು. ಆ ಪಾಳಿ ನೆನಪಾದರೆ ಈಗಲೂ ಒಬ್ಬೊಬ್ಬರನ್ನೇ ಹಿಡಿದು ಬಡಿಯಬೇಕೆನಿಸುತ್ತದೆ.

ಜಮಖಂಡಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ಕಣ್ಣು ಉಳಿಯುವುದಿಲ್ಲ ಎಂದಾಗ ನಾವಿಬ್ಬರೂ ಬಾಗಿಲ ಬಳಿ ನಿಂತಿದ್ದೆವು. "ಒಂದ ಸಾಲು ಬರ್ಯಾಕ ಆಗಲಿಲ್ಲೇನಲೇ ನಿನಗ?" ಎಂದೆ. ಅವನು ಮುಷ್ಟಿ ಬಿಗಿದು ನನ್ನ ಬಾಯಿಗೆ ಗುದ್ದಿದ. ಮುಂದಿನ ಹಲ್ಲು ಮುರಿದು ಅಂಗೈಗೆ ಬಂತು. ಅವತ್ತೇ ಅವನೂ ನಾನೂ ಮುಗಿದೆವು.

ಫ್ರೇಮ್ ರಿಲೇ ಕಿತ್ತುಹಾಕಿದರು, ಸದ್ಯಾ ಕೆಲಸ ಬಿಟ್ಟು ಮನೆಯ ಮಗ್ಗಕ್ಕೆ ಕುಳಿತ, ನಾನು ಬೀಳಗಿ ಬಸ್ ಸ್ಟ್ಯಾಂಡಿನ ಎದುರು ಕ್ಯಾಮೆರಾ ರಿಪೇರಿ ಅಂಗಡಿ ಹಾಕಿದೆ. ನೀವು ಮಾತ್ರ ಉಳಿದ ಒಂದು ಕಣ್ಣಿನಲ್ಲಿ ಬಸ್ಸಿನ ಬೋರ್ಡು ಓದಿಕೊಂಡು ಬರುವುದು ಬಿಡಲಿಲ್ಲ. ಬಂದಾಗಲೆಲ್ಲ, "ಸದ್ಯಾ ನಿನ್ನ ಕೇಳಿದಾ, ಹಲ್ಲು ಕಟ್ಟಿಸಿಕೊಂಡಾನೋ ಇಲ್ಲೋ ಅಂದಾ" ಎನ್ನುತ್ತಿದ್ದಿರಿ. "ಅವನಿಗ್ಯಾಕ್ರಿ ನನ್ನ ಹಲ್ಲಿನ ಉಸಾಬರಿ?" ಎಂದು ನಾನು ಮುಖ ತಿರುಗಿಸುತ್ತಿದ್ದೆ. ಒಳಗೊಳಗೆ ಹಿತವಾಗುತ್ತಿತ್ತು, ಅದು ಖರೆ. ಆ ಹಲ್ಲನ್ನು ನಾನು ಬೇಕೆಂದೇ ಕಟ್ಟಿಸಲಿಲ್ಲ.

ನಿಮ್ಮನ್ನು ಮಣ್ಣು ಮಾಡಿದ ದಿನ ಕುಣಿಯ ಆಚೆ ಬದಿಗೆ ಅವನು, ಈಚೆ ಬದಿಗೆ ನಾನು. ಹಿಡಿ ಮಣ್ಣು ಹಾಕಿ ಅವನು ಹೊರಟುಹೋದ. ಅಂದಿನಿಂದ ಅವನ ಸುದ್ದಿಯೇ ಇಲ್ಲ. ಹೇಳುವವರು ಯಾರು? ಇದ್ದಾನೋ, ಸತ್ತಿದ್ದಾನೋ... ಅದಕ್ಕೂ ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಕೇಳುತ್ತಿದ್ದವನು ಈಗ ಕೇಳಬಾರದೇ?

ಮೊನ್ನೆ ಸಿಟ್ಟು ನೆತ್ತಿಗೇರಿ ಬನಹಟ್ಟಿಗೆ ಹೋದೆ. ಮಗ್ಗದ ಗದ್ದಲದಲ್ಲಿ ಅವನಿಗೆ ನನ್ನ ದನಿ ಕೇಳಿಸಲಿಲ್ಲ, ಹೆಗಲು ಹಿಡಿದು ತಿರುಗಿಸಿದೆ. ನೋಡಿದವನೇ ಎದೆಗೆ ನೂಕಿದ. ನಾನು ಅವನ ಮೂಗಿಗೆ ಗುದ್ದಿದೆ. ನೂಲಿನ ಚೀಲಗಳ ಮೇಲೆ ಬಿದ್ದು ಹೊಡೆದಾಡಿದೆವು ಕಾಕಾ, ಈ ವಯಸ್ಸಿನಲ್ಲಿ! ಅವನ ಹೆಂಡತಿ ಮಗ್ಗ ನಿಲ್ಲಿಸಿ, ತುಂಬಿದ ಕೊಡ ತಂದು ಇಬ್ಬರ ಮೇಲೂ ಸುರಿದಳು. ಏದುಸಿರು ಬಿಡುತ್ತಾ, ಮೂಗಿನ ರಕ್ತ ಒರೆಸಿಕೊಳ್ಳುತ್ತಾ, ಸದ್ಯಾ ಬೈದ: "ಕಾಕಾ ಬಂದಾಗೊಮ್ಮೆ, ಆ ಗಲಾಟ್ಯಾಗ ಒಡದ ನನ್ನ ಬಾಯಿ ನೆಟ್ಟಗಾತೇನು ಅಂತ ನೀ ಕೇಳಿದಿ ಅಂತ ಹೇಳ್ತಿದ್ರು. ಅವರು ಹ್ವಾದ ಮ್ಯಾಲೆ ಒಂದ ಸಲನೂ ಕೇಳಲಿಲ್ಲಲ್ಲೋ ಭಾಡ್ಯಾ?"

ನಾನು ಎಂದಾದರೂ ಕೇಳಿದ್ದೆನೇ ಕಾಕಾ? ಒಂದು ಸಲವೂ ಇಲ್ಲ. "ನನ್ನ ಹಲ್ಲಿನ ಸುದ್ದಿ ನೀ ಕೇಳತಿದ್ದಿ ಅಂತ ಕಾಕಾ ಅಂತಿದ್ರಲ್ಲ?" ಎಂದೆ. "ನಾ ಯಾಕ ಕೇಳಲಿ? ನಿನ್ನ ಹೆಸರು ಎತ್ತಿದ್ರ ಕಾಕಾಗ ಎದ್ದು ಹೋಗ್ರಿ ಅಂತಿದ್ದೆ" ಎಂದ. ಇಬ್ಬರೂ ಬಾಯಿ ತೆರೆದು ಒಬ್ಬರನ್ನೊಬ್ಬರು ನೋಡಿದೆವು. ಅವನ ಮಾತೂ ನಿಮ್ಮದೇ, ನನ್ನ ಮಾತೂ ನಿಮ್ಮದೇ. ಎರಡೂ ಕಡೆಯ ಸಾಲನ್ನು ನೀವೊಬ್ಬರೇ ಬರೆಯುತ್ತಾ ಬಂದಿದ್ದಿರಿ. ಸದ್ಯಾ ನೂಲಿನ ಚೀಲಕ್ಕೆ ಮುಖ ಒತ್ತಿ ಅತ್ತ. ನಾನೂ ಅತ್ತೆ, ನಾಚಿಕೆ ಏನು ಬಂತು? ಊಟಕ್ಕೆ ಕೂರು ಎಂದು ಅವನೂ ಅನ್ನಲಿಲ್ಲ, ನಾನೂ ಕೂರಲಿಲ್ಲ. ನಂಬರ್ ಬರೆದಿಟ್ಟು ಸಂಜೆಯ ಬಸ್ಸಿಗೆ ಬಂದುಬಿಟ್ಟೆ.

ನಿಮಗೆ ಹೇಳಬೇಕಿದ್ದ ಸುದ್ದಿ ಇದು. ಇವತ್ತು ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಎತ್ತಿದೆ. ಮೊದಲು ಮಗ್ಗದ ಸದ್ದು ಕೇಳಿಸಿತು. ಆಮೇಲೆ, "ಮಲ್ಯಾ, ಆ ಹಲ್ಲು ಕಟ್ಟಿಸಿಕೊಳ್ಳೂದಿಲ್ಲೇನು?" ಎಂದ.

ಅವನೇ ಕೇಳಿದ್ದು ಕಾಕಾ, ಈ ಸಲ ಅವನೇ.

ನಿಮ್ಮ ಮಲ್ಯಾ,
ಬೀಳಗಿ