ಮೀನಿನ ಕಲ್ಲಿನ ಕೆಳಗೆ ನಿನ್ನ ಹೆಸರು

ತಮ್ಮಾ,

ಹಾಲು ಕಾಯಿಸಿಟ್ಟಿದ್ದೇನೆ. ನಾನು ಆರು ಗಂಟೆ ಬಸ್ಸಿಗೆ ಕಲ್ಲು ಹುಡುಕೋಕೆ ಗುಡ್ಡದ ಕಡೆ ಹೊರಟೆ, ನಾಡಿದ್ದು ಬರ್ತೀನಿ. ಆಸ್ಪತ್ರೆಯಿಂದ ಫೋನ್ ಬಂದರೆ ಮಲಗಿದ್ದಾಳೆ ಅಂದುಬಿಡು. ಈ ಸೊಂಟ ಇಟ್ಟುಕೊಂಡು ಗುಡ್ಡ ಹತ್ತಬೇಡಿ ಅಂತ ಡಾಕ್ಟರು ಹೇಳಿದ್ದು ನನಗೂ ನೆನಪಿದೆ. ಸುಳ್ಳು ಹೇಳೋದು ನಿನಗೇನು ಹೊಸದಾ?

ನಿನ್ನೆ ಮ್ಯೂಸಿಯಂಗೆ ಹೋಗಿದ್ದೆ. ನನ್ನ ಮೀನಿನ ಪಳೆಯುಳಿಕೆಯನ್ನ ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಹಾಕಿದ್ದಾರೆ. ಕೆಳಗೆ 'ಹುಡುಕಿದವರು' ಅಂತ ನಿನ್ನ ಹೆಸರು. ನಾನು ಆಪರೇಷನ್ ಆಗಿ ಮಲಗಿದ್ದಾಗ, "ಕಲ್ಲನ್ನ ಮ್ಯೂಸಿಯಂನವರಿಗೆ ಜೋಪಾನವಾಗಿ ಒಪ್ಪಿಸಿ ಬಂದೆ" ಅಂದಿದ್ದೆಯಲ್ಲ, ಒಪ್ಪಿಸಿದ್ದು ಹೀಗೋ? ಅಲ್ಲಿ ಕೆಲಸ ಮಾಡೋ ಹುಡುಗಿ ನಿನ್ನ ಹೆಸರು ತೋರಿಸಿ ಶಾಲೆ ಮಕ್ಕಳಿಗೆ, "ಇವರು ಒಬ್ಬರೇ ಹನ್ನೊಂದು ದಿನ ಬಂಡೆ ಕೆತ್ತಿ ಇದನ್ನ ತೆಗೆದರು" ಅಂತ ವಿವರಿಸಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಇನ್ನೇನು ಮಾಡಬೇಕಿತ್ತು? ನಾನು ಕೆತ್ತಿದ ಆ ಹನ್ನೊಂದು ದಿನದಲ್ಲಿ ನೀನು ಬಂದಿದ್ದು ಒಂದೇ ದಿನ. ಬಿಸಿಲು ಅಂತ ಮಧ್ಯಾಹ್ನಕ್ಕೇ ವಾಪಸ್ ಹೋದೆ.

ನಾನು ಕೂಡಿಟ್ಟ ಬೇರೆ ಕಲ್ಲುಗಳಿರೋ ಕಪಾಟಿಗೆ ಬೀಗ ಹಾಕಿದ್ದೇನೆ. ಬೀಗದ ಕೈ ನನ್ನ ಹತ್ತಿರವೇ ಇದೆ, ಹುಡುಕಬೇಡ.

ನಿನ್ನ ಅಂಗಿ ಇಸ್ತ್ರಿ ಮಾಡಿ ಕುರ್ಚಿ ಮೇಲಿಟ್ಟಿದ್ದೇನೆ. ಅದನ್ನ ಹಾಕಿಕೊಂಡು ಇವತ್ತೇ ಮ್ಯೂಸಿಯಂಗೆ ಹೋಗಿ, ಆ ಮೀನನ್ನ ಹುಡುಕಿದ್ದು ಯಾರು ಅಂತ ನೀನೇ ಬಾಯಿಬಿಟ್ಟು ಹೇಳು. ನಾನು ಅವರಿಗೆ ಏನೂ ಹೇಳಿಲ್ಲ. ಆಪರೇಷನ್ ಆದಮೇಲೆ ಹದಿನೈದು ದಿನ ನನ್ನನ್ನ ಎತ್ತಿ ಕೂರಿಸಿದ್ದು ನೀನೇ, ಅದಕ್ಕೆ ಇಷ್ಟು ಮರ್ಯಾದೆ.

ನಾನು ಬರೋದರೊಳಗೆ ಆ ಹೆಸರು ಬದಲಾಗದಿದ್ದರೆ, ಇನ್ನು ಮೇಲೆ ನನ್ನನ್ನ ಅಕ್ಕ ಅನ್ನಬೇಡ.